ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೈಗಳ್ಳರನ್ನು ಎಬ್ಬಿಸಿ ಹೊಲಕ್ಕೆ ಅಟ್ಟಲು ಹಿರಿಯರು ಕಟ್ಟಿದ ಮಾತಿರಬೇಕು. ಆ ಮಟ್ಟಿಗೆ ಅದು ಸರಿಯೇ. ಆದರೆ ಇದೇ ಗಾದೆಯನ್ನು ಒಬ್ಬ ಮುಖ್ಯೋಪಾಧ್ಯಾಯನೋ, ಸಂಘದ ಅಧ್ಯಕ್ಷನೋ, ಕಚೇರಿಯ ಮೇಲಧಿಕಾರಿಯೋ, ಮನೆಯ ಯಜಮಾನನೋ ತನ್ನ ಧ್ಯೇಯವಾಕ್ಯ ಮಾಡಿಕೊಂಡರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ನಾನು ಯಾವ ಗ್ರಂಥವನ್ನೂ ತಿರುವಿ ಹಾಕಬೇಕಾಗಲಿಲ್ಲ. ಉತ್ತರ ನನ್ನ ಶಾಲೆಯಲ್ಲೇ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಬಾಯಿಂದ ಬಂತು.

ಹನೂರು ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕ. ಮುಖ್ಯೋಪಾಧ್ಯಾಯರು ನಿವೃತ್ತರಾದ ಮೇಲೆ ಹಿರಿತನದ ಲೆಕ್ಕದಲ್ಲಿ ಆ ಕುರ್ಚಿಯ ಪ್ರಭಾರ ನನಗೆ ಬಂತು. ಅದೇ ವರ್ಷ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಮಕ್ಕಳು ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಮಾದರಿ ಮಾಡಲು ಹೊರಟರು. ಹಳೆಯ ಹವಾಯಿ ಚಪ್ಪಲಿಯಿಂದ ಗುಂಡಗೆ ಕತ್ತರಿಸಿದ ರಬ್ಬರ್ ಬಿಲ್ಲೆ, ಅದರ ಅಂಚಿಗೆ ಚುಚ್ಚಿದ ಆರು ಪ್ಲಾಸ್ಟಿಕ್ ಚಮಚ, ನಡುವೆ ಆಟಿಕೆ ಕಾರಿನಿಂದ ಕಿತ್ತ ಪುಟ್ಟ ಮೋಟಾರು. ಮೇಲಿನಿಂದ ನೀರು ಬಿದ್ದರೆ ಚಕ್ರ ತಿರುಗಬೇಕು, ಮೋಟಾರು ಡೈನಮೋದಂತೆ ಕೆಲಸ ಮಾಡಬೇಕು, ಎಲ್‌ಇಡಿ ದೀಪ ಮಿಣಕ್ಕೆನ್ನಬೇಕು. ಹತ್ತು ಸಲದಲ್ಲಿ ಮೂರು ಸಲ ಮಿಣಕ್ಕೆನ್ನುತ್ತಿತ್ತು. ಉಳಿದ ಏಳು ಸಲ ಚಕ್ರ ವಾಲುತ್ತಿತ್ತು, ನೀರೆಲ್ಲ ಮೇಜಿನ ಮೇಲೆ.

ನೋಡಿ ನೋಡಿ ನನ್ನ ಕೈ ತುರಿಸತೊಡಗಿತು. ಪ್ರದರ್ಶನಕ್ಕೆ ಎರಡು ದಿನವಿದೆ ಎನ್ನುವಾಗ ಮಕ್ಕಳನ್ನು ಮನೆಗೆ ಕಳುಹಿಸಿ, ನಾನೇ ಕೂತು ಹೊಸ ಚಕ್ರ ಮಾಡಿದೆ. ತಗಡಿನದು, ಎಂಟು ಅಲಗು, ನಡುವೆ ಸೈಕಲ್ ಕಡ್ಡಿಯ ಅಚ್ಚು. ಹಲಗೆಗೆ ಬಣ್ಣ ಬಳಿದೆ. ಗಗನಚುಕ್ಕಿ, ಭರಚುಕ್ಕಿ ಎಂದು ಚಂದದ ಅಕ್ಷರದಲ್ಲಿ ಬರೆದೆ. ಮಕ್ಕಳು ಬಾಯಿಪಾಠ ಹೇಳಬೇಕಾದ ವಿವರಣೆಯನ್ನೂ ನಾನೇ ಬರೆದುಕೊಟ್ಟೆ. ಹತ್ತಕ್ಕೆ ಹತ್ತು ಸಲವೂ ದೀಪ ಹೊತ್ತಿತು.

ಪ್ರದರ್ಶನದ ದಿನ ತೀರ್ಪುಗಾರರು ಬಂದರು. ಹುಡುಗಿ ಪಾಠ ಒಪ್ಪಿಸಿದಳು. ಒಂದಕ್ಷರವೂ ತಪ್ಪಲಿಲ್ಲ. ಕೊನೆಗೆ ತೀರ್ಪುಗಾರರಲ್ಲಿ ಒಬ್ಬರು ಸುಮ್ಮನೆ ಕೇಳಿದರು: “ಎಂಟೇ ಅಲಗು ಯಾಕಮ್ಮ ಇಟ್ಟೆ? ಆರಿದ್ದರೆ ಆಗುತ್ತಿರಲಿಲ್ಲವೆ?”

ಹುಡುಗಿ ಒಮ್ಮೆ ಚಕ್ರವನ್ನು ನೋಡಿದಳು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಬಹಳ ವಿನಯದಿಂದ, “ಅದು ನಮ್ ಸಾರ್‌ಗೆ ಗೊತ್ತು ಸಾರ್” ಎಂದಳು.

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತು ಗಂಟಲಲ್ಲಿ ಮುಳ್ಳಿನಂತೆ ನಿಂತಿತ್ತು. ಏಕೆಂದರೆ ಆ ಹುಡುಗಿ ತನ್ನ ಚಪ್ಪಲಿ ಚಕ್ರಕ್ಕೆ ಮೊದಲು ನಾಲ್ಕು ಚಮಚ ಚುಚ್ಚಿ ನೋಡಿ, ಸಾಲದೆಂದು ಆರಕ್ಕೆ ಏರಿಸಿದ್ದಳು. ‘ಆರೇ ಯಾಕೆ’ ಎಂದು ಕೇಳಿದ್ದರೆ ಅವಳ ಬಳಿ ಅಪ್ಪಟ ಉತ್ತರವಿತ್ತು. ಆ ಉತ್ತರವನ್ನು ಅವಳ ಬಾಯಿಂದ ಕಿತ್ತುಕೊಂಡವನು ನಾನು.

ಕೈ ತುರಿಕೆಯ ಕಾಯಿಲೆ

ಈ ಕಾಯಿಲೆಗೆ ಆಡಳಿತ ಶಾಸ್ತ್ರದವರು ಇಟ್ಟಿರುವ ಹೆಸರು ಮೈಕ್ರೋಮ್ಯಾನೇಜ್‌ಮೆಂಟ್. ಕೈಕೆಳಗಿನವರಿಗೆ ಕೆಲಸ ವಹಿಸಿದ ಮೇಲೂ ಪ್ರತಿ ಹೆಜ್ಜೆಯಲ್ಲೂ ತಾನೇ ಕೈ ಹಾಕುವುದು, ಪ್ರತಿ ಗಳಿಗೆಗೂ ವರದಿ ಕೇಳುವುದು, ಅವರು ಬರೆದ ಪತ್ರದ ಅಲ್ಪವಿರಾಮವನ್ನೂ ಬಿಡದೆ ತಿದ್ದುವುದು. ಹೆಸರು ಹೊಸದಿರಬಹುದು, ರೋಗ ಹಳೆಯದು. ಮದುವೆ ಮನೆಯಲ್ಲಿ ಅಡುಗೆ ಭಟ್ಟರ ಹಿಂದೆ ನಿಂತು ‘ಉಪ್ಪು ಹಾಕಿದಿರಾ’ ಎಂದು ಹತ್ತು ಸಲ ಕೇಳುವ ಯಜಮಾನನನ್ನು ನಾವೆಲ್ಲ ಬಲ್ಲೆವು. ಭಟ್ಟರು ಕೊನೆಗೆ ಬೇಸತ್ತು ಸೌಟನ್ನು ಅವನ ಕೈಗೇ ಕೊಡುತ್ತಾರೆ.

ಈ ರೋಗಿಗಳು ಕೆಟ್ಟವರಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹೆಚ್ಚಿನವರು ಕೆಲಸ ಬಲ್ಲವರು, ಶ್ರಮಜೀವಿಗಳು. ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದರೆಂದೇ ಅವರಿಗೆ ಮೇಲಿನ ಕುರ್ಚಿ ಸಿಕ್ಕಿರುತ್ತದೆ. ತೊಂದರೆ ಇರುವುದೂ ಅಲ್ಲೇ. ಕುರ್ಚಿ ಬದಲಾದರೂ ಕೈ ಹಳೆಯ ಕೆಲಸವನ್ನೇ ಹುಡುಕುತ್ತದೆ. ಜೊತೆಗೆ ಭಯವೊಂದು ಇರುತ್ತದೆ. ತಪ್ಪಾದರೆ ಮೇಲಿನವರು ಕೇಳುವುದು ನನ್ನನ್ನಲ್ಲವೆ ಎಂಬ ಭಯ. ಮೇಲಿನವರಿಗೆ ಅವರ ಮೇಲಿನವರ ಭಯ. ಹೀಗೆ ಭಯವು ಮೆಟ್ಟಿಲಿಳಿದು ಬಂದು ಕಟ್ಟಕಡೆಗೆ ತರಗತಿಯ ಮಗುವಿನ ಕೈಯಿಂದ ಚಕ್ರ ಕಿತ್ತುಕೊಳ್ಳುತ್ತದೆ.

ಈಗಂತೂ ಕಿಸೆಯಲ್ಲಿ ಮೊಬೈಲ್ ಇದೆ. ಬಿಸಿಯೂಟ ಬಡಿಸಿದ ಫೋಟೋ, ಗಿಡಕ್ಕೆ ನೀರು ಹಾಕಿದ ಫೋಟೋ, ಸಭೆಯ ಫೋಟೋ, ಸಭೆಯ ಫೋಟೋ ತೆಗೆಯುತ್ತಿರುವವರ ಫೋಟೋ ಎಲ್ಲವೂ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬೇಕು. ನಾನೇ ಒಂದು ಕಾಲದಲ್ಲಿ ನನ್ನ ಸಹೋದ್ಯೋಗಿಗಳಿಗೆ ದಿನಕ್ಕೆ ಹತ್ತಾರು ಸಂದೇಶ ಕಳಿಸುತ್ತಿದ್ದೆ. ಅವರು ಪಾಠ ಮಾಡುವುದನ್ನು ಬಿಟ್ಟು ನನಗೆ ಉತ್ತರ ಬರೆಯುತ್ತಿದ್ದರು.

ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನಾವು ಒಂದು ಎಚ್ಚರಿಕೆ ಹೇಳುತ್ತೇವೆ. ಸಣ್ಣ ಪ್ರಣಾಳದಲ್ಲಿ ಸ್ವಲ್ಪವೇ ಬಿಸಿನೀರಿದ್ದಾಗ ತಣ್ಣಗಿರುವ ಉಷ್ಣಮಾಪಕವನ್ನು ಅದರೊಳಗಿಟ್ಟರೆ, ಉಷ್ಣಮಾಪಕವೇ ನೀರಿನ ಶಾಖವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಆಗ ನಾವು ಓದುವುದು ನೀರಿಗೆ ಮೊದಲಿದ್ದ ತಾಪವನ್ನಲ್ಲ, ಅಳೆಯಹೋಗಿ ತಗ್ಗಿಸಿದ ತಾಪವನ್ನು. ಮತ್ತೆ ಮತ್ತೆ ಅಳೆದಷ್ಟೂ ನೀರು ಬೇಗ ಆರುತ್ತದೆ. ಮಕ್ಕಳಿಗೆ ಇದನ್ನು ವರ್ಷವರ್ಷವೂ ಹೇಳುವ ನನಗೆ, ಮನುಷ್ಯರ ಉತ್ಸಾಹವೂ ಹೀಗೆಯೇ ಆರುತ್ತದೆಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಶಾಲೆಯಲ್ಲಿ ಗಣಿತದ ಶಿಕ್ಷಕಿಯೊಬ್ಬರಿದ್ದರು. ಚಿಕ್ಕ ವಯಸ್ಸು, ಚುರುಕು ಬುದ್ಧಿ. ಬಂದ ಹೊಸದರಲ್ಲಿ ವಾರಕ್ಕೊಂದು ಹೊಸ ಯೋಜನೆ ತರುತ್ತಿದ್ದರು. ನಾನು ಪ್ರತಿಯೊಂದನ್ನೂ ‘ಚೆನ್ನಾಗಿದೆಯಮ್ಮ, ಆದರೆ ಹೀಗೆ ಮಾಡಿ’ ಎಂದು ತಿದ್ದಿಕೊಡುತ್ತಿದ್ದೆ. ಎರಡನೇ ವರ್ಷ ಅವರು ಯೋಜನೆ ತರುವುದನ್ನು ನಿಲ್ಲಿಸಿ, ‘ಹೇಗೆ ಮಾಡಲಿ ಸಾರ್?’ ಎಂದು ಕೇಳತೊಡಗಿದರು. ಒಳ್ಳೆಯ ಶಿಸ್ತು ಬಂತು ಎಂದು ನಾನು ಹಿಗ್ಗಿದೆ. ಮೂರನೇ ವರ್ಷ ವರ್ಗ ಮಾಡಿಸಿಕೊಂಡು ಹೊರಟರು. ಬೀಳ್ಕೊಡುಗೆಯ ದಿನ ಕಾಫಿ ಕುಡಿಯುತ್ತ, “ನಿಮ್ಮಿಂದ ಬಹಳ ಕಲಿತೆ ಸಾರ್. ಒಂದೇ ಒಂದು ಸಲ ನನ್ನ ಪಾಡಿಗೆ ತಪ್ಪು ಮಾಡೋಕೆ ಬಿಟ್ಟಿದ್ದರೆ ಇನ್ನೂ ಕಲೀತಿದ್ದೆ” ಎಂದರು. ಕೋಪದಿಂದ ಹೇಳಲಿಲ್ಲ, ನಗುತ್ತಲೇ ಹೇಳಿದರು. ಅದಕ್ಕೆ ನನ್ನ ಬಳಿ ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ.

ಬೆಳಕು ಕಾಣದೆ ಹೋದ ದಿವಾನರು

ನಮ್ಮ ಮಕ್ಕಳು ಮಾದರಿ ಮಾಡಿದ್ದು ಶಿವನಸಮುದ್ರದ್ದು ಎಂದೆನಲ್ಲ. ಪ್ರದರ್ಶನ ಮುಗಿದ ಮೇಲೆ ಅಸಲಿ ಶಿವನಸಮುದ್ರದ ಕತೆಯನ್ನು ಮತ್ತೊಮ್ಮೆ ಓದಿದೆ. ಕೊಳ್ಳೇಗಾಲದಿಂದ ಕೂಗಳತೆಯಲ್ಲಿರುವ ಆ ಜಾಗದಲ್ಲಿ ಕಾವೇರಿಯನ್ನು ವಿದ್ಯುತ್ತಾಗಿಸಿ ಕೋಲಾರದ ಚಿನ್ನದ ಗಣಿಗೆ ಸಾಗಿಸುವ ಯೋಜನೆಗೆ ಬೆನ್ನಾಗಿ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರು. ಮೃದು ಆಡಳಿತಗಾರರೇನಲ್ಲ, ಬಿಗಿ ಹಿಡಿತದವರೆಂದೇ ಹೆಸರು.

ಆದರೆ ಅವರು ಓದಿದ್ದು ಕಾನೂನು. ಟರ್ಬೈನಿನ ಅಲಗು ಎಷ್ಟಿರಬೇಕೆಂದು ಅವರು ಕೂತು ಲೆಕ್ಕ ಹಾಕಲಿಲ್ಲ. ಆ ಕೆಲಸವನ್ನು ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಆಗಿದ್ದ ಜೋಲಿ ಡಿ ಲಾಟ್‌ಬಿನಿಯರ್ ಅವರಿಗೆ ವಹಿಸಿದರು. ವಿದ್ಯುತ್ ಕೆಲಸ ಆಗತಾನೆ ಕಣ್ಣು ಬಿಡುತ್ತಿದ್ದ ಯೂರೋಪು, ಅಮೆರಿಕಗಳಿಗೆ ಹೋಗಿ ನೋಡಿ ಬರಲು ಅವರನ್ನು ಕಳುಹಿಸಿದರು. ದಿವಾನರ ಪಾಲಿಗೆ ಉಳಿದದ್ದು ದಿವಾನರಿಂದ ಮಾತ್ರ ಆಗಬಹುದಾದ ಕೆಲಸ. ಹಣ ಹೊಂದಿಸುವುದು, ಗಣಿ ಕಂಪನಿಗಳೊಡನೆ ಒಪ್ಪಂದ ಕುದುರಿಸುವುದು, ಅನುಮತಿಗಳನ್ನು ಪಡೆಯುವುದು, ‘ಇದು ಆಗುವ ಹೋಗುವ ಮಾತಲ್ಲ’ ಎಂಬವರಿಗೆ ಎದೆ ಕೊಡುವುದು.

ಶೇಷಾದ್ರಿ ಅಯ್ಯರ್ 1901ರ ಮಾರ್ಚಿನಲ್ಲಿ ಅಧಿಕಾರ ಬಿಟ್ಟರು, ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ. ಇದನ್ನು ಓದುವಾಗ ನನಗೆ ಅನ್ನಿಸಿದ್ದು ಇಷ್ಟೇ. ಎಲ್ಲ ತಂತಿಗಳೂ ದಿವಾನರ ಬೆರಳಿಗೇ ಕಟ್ಟಿದ್ದರೆ ಅವರ ಜೊತೆಗೇ ಬೆಳಕೂ ಆರಿಹೋಗುತ್ತಿತ್ತು. ನಾಯಕ ಹೋದ ಮೇಲೂ ಕೆಲಸ ನಡೆಯಿತೆಂದರೆ ಅದು ನಾಯಕನಿಗೆ ಅವಮಾನವಲ್ಲ, ಅವನಿಗೆ ಸಿಗುವ ಅತ್ಯುತ್ತಮ ಪ್ರಮಾಣಪತ್ರ.

ಕೊಟ್ಟುಬಿಟ್ಟ ಮಂತ್ರಿ

ದಿವಾನರು ಒಬ್ಬ ನುರಿತ ಎಂಜಿನಿಯರನ್ನು ನಂಬಿದರು, ಅದೇನು ಮಹಾ ಎನ್ನಬಹುದು. ಸರಿ, ನುರಿತವರಲ್ಲದವರನ್ನು ನಂಬಿದ ಒಬ್ಬರ ಕತೆ ಹೇಳುತ್ತೇನೆ. ಅವರೂ ನಮ್ಮ ಕಡೆಯವರೇ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬರಗಾಲದ ದಿನಗಳಲ್ಲಿ ಹಳ್ಳಿ ಹಳ್ಳಿಗೂ ಕೊಳವೆ ಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಮಂತ್ರಿಯಾದರು. ಯೋಚಿಸಿ ನೋಡಿ. ಊರೂರಿನ ಕೊಳವೆ ಬಾವಿಗೆ, ರಸ್ತೆಗೆ, ಶಾಲೆಯ ಕೊಠಡಿಗೆ ಮಂಜೂರಾತಿ ಕೊಡುವ ಅಧಿಕಾರ ಒಬ್ಬ ಮಂತ್ರಿಯ ಲೇಖನಿಯಲ್ಲಿದ್ದರೆ ಅವನ ಮನೆಯ ಮುಂದೆ ಎಷ್ಟು ಉದ್ದದ ಸಾಲು! ಆ ಸಾಲೇ ಅಧಿಕಾರದ ರುಚಿ. ನಜೀರ್ ಸಾಬ್ ಮಾಡಿದ್ದೇನೆಂದರೆ ಆ ಸಾಲನ್ನು ಜಿಲ್ಲೆಗೂ ಹಳ್ಳಿಗೂ ವಾಪಸು ಕಳಿಸುವ ಕಾಯಿದೆ ತಂದದ್ದು. 1983ರ ಜಿಲ್ಲಾ ಪರಿಷತ್, ಮಂಡಲ ಪಂಚಾಯತ್ ಕಾಯಿದೆಯ ಪ್ರಕಾರ ಅಭಿವೃದ್ಧಿ ಕೆಲಸಗಳೂ ಅವುಗಳ ಹಣವೂ ಚುನಾಯಿತ ಸಂಸ್ಥೆಗಳ ಕೈಗೆ ಹೋದವು. ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯ ಹುದ್ದೆಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ಕೂರಿಸಿದರು. ಹೆಣ್ಣುಮಕ್ಕಳಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು ರಾಜ್ಯದಾದ್ಯಂತ 50 ಸಾವಿರಕ್ಕೂ ಹೆಚ್ಚು ಮಂದಿ ಸದಸ್ಯರಾದರು.

ಆಗ ನಾನು ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಿದ್ದ ಹುಡುಗ. ಕೊಳ್ಳೇಗಾಲ ಇನ್ನೂ ಮೈಸೂರು ಜಿಲ್ಲೆಗೆ ಸೇರಿತ್ತು. ರಜೆಗೆ ಊರಿಗೆ ಬಂದಾಗ ಕಂಡ ಬದಲಾವಣೆ ನೆನಪಿದೆ. ಮೊದಲೆಲ್ಲ ಬೋರ್‌ವೆಲ್ಲಿನ ಕೈಪಂಪು ಕೆಟ್ಟರೆ ದೂರದ ಕಚೇರಿಗೊಂದು ಅರ್ಜಿ ಬರೆದು, ಯಾರಾದರೂ ಬರುವವರೆಗೆ ಹೆಂಗಸರು ಮೈಲಿಗಟ್ಟಲೆ ಕೊಡ ಹೊರಬೇಕಿತ್ತು. ಈಗ ಮಂಡಲ ಪಂಚಾಯತಿಯ ಪ್ರಧಾನರು ಪಕ್ಕದ ಊರಿನವರು. ಟೀ ಅಂಗಡಿಯಲ್ಲೇ ಅವರನ್ನು ಹಿಡಿದು, ‘ಏನಯ್ಯ ಪ್ರಧಾನ, ಪಂಪು ಯಾವಾಗ ಸರಿಮಾಡ್ಸೀಯೆ?’ ಎಂದು ಕೇಳುತ್ತಿದ್ದರು. ಪಾಪ, ಪ್ರಧಾನರಿಗೆ ಟೀ ಇಳಿಯುತ್ತಿರಲಿಲ್ಲ. ಲೆಕ್ಕ ಕೇಳುವವರು ಮೇಲಿನಿಂದ ಇಳಿದು ಎದುರಿನ ಬೆಂಚಿಗೆ ಬಂದಿದ್ದರು.

ಹಳ್ಳಿಯವರಿಗೆ ಲೆಕ್ಕಪತ್ರ ತಿಳಿಯುವುದಿಲ್ಲ, ದುಡ್ಡು ಪೋಲಾಗುತ್ತದೆ ಎಂದು ಆಗಲೂ ಹೇಳುವವರಿದ್ದರು. ಎಲ್ಲ ಕಡೆಯೂ ಎಲ್ಲವೂ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ತಪ್ಪುಗಳಾದವು. ಆದರೆ ಅಧಿಕಾರ ಮೇಲಿದ್ದಾಗ ತಪ್ಪುಗಳಾಗುತ್ತಿರಲಿಲ್ಲವೆ? ಮೇಲಿನ ತಪ್ಪು ಯಾರಿಗೂ ಕಾಣುತ್ತಿರಲಿಲ್ಲ, ಕೆಳಗಿನ ತಪ್ಪು ಟೀ ಅಂಗಡಿಗೇ ಕಾಣುತ್ತಿತ್ತು. ವ್ಯತ್ಯಾಸ ಅಷ್ಟೇ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಬಾಗಿಲಿಗೆ ಆಡಳಿತಾಧಿಕಾರಿಗಳು ಬಂದರು. ಆದರೆ ಮರುವರ್ಷವೇ, 1993ರ ಏಪ್ರಿಲ್ 24ರಿಂದ, ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯತಿಗಳಿಗೆ ದೇಶಾದ್ಯಂತ ಸಂವಿಧಾನದ ಆಸರೆ ಸಿಕ್ಕಿತು. ಗುಂಡ್ಲುಪೇಟೆಯ ಈ ಮನುಷ್ಯನ ನೆನಪಿಗೆ ಮೈಸೂರಿನಲ್ಲಿ ಪಂಚಾಯತ್ ಸದಸ್ಯರಿಗೆ, ನೌಕರರಿಗೆ ತರಬೇತಿ ಕೊಡುವ ಸಂಸ್ಥೆಯೇ ಇದೆ. ಕೊಟ್ಟ ಮೇಲೆ ಸುಮ್ಮನಿದ್ದರೆ ಸಾಲದು, ಕೊಟ್ಟದ್ದನ್ನು ನಿಭಾಯಿಸಲು ಕಲಿಸಲೂ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸ್ಮಾರಕ ಬೇಕೆ?

ಬೈಗುಳ ನನಗೆ, ಹಾರ ನಿಮಗೆ

ಬಿಟ್ಟುಕೊಟ್ಟ ಮೇಲೆ ಕೆಲಸ ಕೆಟ್ಟರೆ? ಮುಖ್ಯೋಪಾಧ್ಯಾಯರ ಸಭೆಗಳಲ್ಲಿ ನಾನು ಈ ವಿಷಯ ಎತ್ತಿದಾಗಲೆಲ್ಲ ಬರುವ ಮೊದಲ ಪ್ರಶ್ನೆ ಇದು. ಅದಕ್ಕೆ ನಾನು ಹೇಳುವುದು ಪ್ರೊಫೆಸರ್ ಸತೀಶ್ ಧವನ್ ಅವರ ಪ್ರಸಂಗ.

ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರೂ ಹೌದು, ಬಾಹ್ಯಾಕಾಶ ಸಂಸ್ಥೆ ಇಸ್ರೋದ ಅಧ್ಯಕ್ಷರೂ ಹೌದು. ನಮ್ಮ ದೇಶದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3ರ ಹೊಣೆಯನ್ನು ಅವರು ಅಬ್ದುಲ್ ಕಲಾಂ ಅವರಿಗೆ ವಹಿಸಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಮೊದಲ ರಾಕೆಟ್ ಮೇಲೇರಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿ, ಕೆಲವೇ ನಿಮಿಷಗಳಲ್ಲಿ ವರ್ಷಗಳ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು. ಪತ್ರಕರ್ತರು ಕಾದು ಕೂತಿದ್ದರು. ಕಲಾಂ ಅವರನ್ನು ಮುಂದೆ ತಳ್ಳದೆ ಧವನ್ ತಾವೇ ಎದ್ದು ಹೋಗಿ ಸೋಲಿನ ಹೊಣೆ ಹೊತ್ತರು, ತಮ್ಮ ತಂಡದ ಮೇಲೆ ನಂಬಿಕೆ ಇದೆಯೆಂದರು. ಮರುವರ್ಷ 1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಧವನ್ ಹಿಂದೆ ಉಳಿದರು. ‘ನೀವು ಹೋಗಿ ಮಾತನಾಡಿ’ ಎಂದು ಪತ್ರಕರ್ತರ ಮುಂದೆ ಕಲಾಂ ಅವರನ್ನು ಕಳುಹಿಸಿದರು. ಕಲಾಂ ರಾಷ್ಟ್ರಪತಿಯಾದ ಮೇಲೂ ಈ ಪ್ರಸಂಗವನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು.

ಇದರಲ್ಲಿ ನಾವು ಗಮನಿಸಬೇಕಾದದ್ದು ಧವನ್ ಅವರ ಒಳ್ಳೆಯತನವನ್ನು ಮಾತ್ರವಲ್ಲ. ಮೊದಲ ಸೋಲಿನ ಮರುದಿನದಿಂದ ಅವರು ಪ್ರತಿ ತಿರುಪನ್ನೂ ತಾವೇ ಬಿಗಿಯಲು ಕೂತಿದ್ದರೆ ಏನಾಗುತ್ತಿತ್ತು? ಸೋತ ತಂಡಕ್ಕೆ ತನ್ನ ತಪ್ಪನ್ನು ತಾನೇ ಹುಡುಕಿ ಸರಿಪಡಿಸುವ ಅವಕಾಶ ಸಿಗುತ್ತಿರಲಿಲ್ಲ. ಕೆಲಸವನ್ನು ಹಂಚಬಹುದು, ಆದರೆ ಹೊಣೆಯನ್ನು ಕೆಳಕ್ಕೆ ಜಾರಿಸಬಾರದು. ಬೈಗುಳ ಬರುವಾಗ ನಾಯಕ ಮುಂದೆ ನಿಲ್ಲುತ್ತಾನೆಂಬ ಧೈರ್ಯವಿದ್ದರೆ ಮಾತ್ರ ಕೈಕೆಳಗಿನವರು ಸ್ವಂತ ಬುದ್ಧಿ ಓಡಿಸುತ್ತಾರೆ. ಇಲ್ಲದಿದ್ದರೆ ‘ಹೇಗೆ ಮಾಡಲಿ ಸಾರ್?’ ಎನ್ನುವುದೇ ಅವರಿಗೆ ಕ್ಷೇಮ.

ಭಾವನ ರೇಷ್ಮೆ ಮನೆ

ಹಾಗಾದರೆ ನಾಯಕನಾದವನು ಕೈಕಟ್ಟಿ ಕೂರಬೇಕೆ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ನನ್ನ ಅಕ್ಕನ ಮನೆಯಲ್ಲಿ. ನಮ್ಮ ಭಾವ ರೇಷ್ಮೆ ಸಾಕುವವರು. ಕೊಳ್ಳೇಗಾಲ, ಹನೂರಿನ ಕಡೆ ರೇಷ್ಮೆ ಹೊಸದೇನಲ್ಲ. ಒಂದು ದಿನ ಅವರ ಹುಳು ಮನೆಗೆ ಹೋದಾಗ ತಟ್ಟೆಯಲ್ಲಿನ ಹುಳುಗಳೆಲ್ಲ ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಸೊಪ್ಪು ಮುಟ್ಟುತ್ತಿಲ್ಲ. ನಾನು ಗಾಬರಿಯಾಗಿ, ಬದುಕಿವೆಯೋ ಇಲ್ಲವೋ ನೋಡೋಣವೆಂದು ಒಂದರ ಕಡೆ ಬೆರಳು ಚಾಚಿದೆ.

“ಅಯ್ಯೋ, ಮುಟ್ಬ್ಯಾಡಿ ಮೇಷ್ಟ್ರೇ” ಎಂದು ಭಾವ ಕೈ ಹಿಡಿದರು. “ಮೂರನೇ ಜ್ವರಕ್ಕೆ ಕೂತವೆ. ಈಗ ಸುಮ್ನೆ ಇರೋದೇ ಕೆಲ್ಸ.”

ಜ್ವರವೆಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಬೆಳೆಯುತ್ತ ನಾಲ್ಕು ಸಲ ಪೊರೆ ಕಳಚುತ್ತದೆ. ಅದನ್ನೇ ನಮ್ಮ ಸಾಕಣೆಗಾರರು ಜ್ವರವೆನ್ನುತ್ತಾರೆ. ಮೊಟ್ಟೆಯೊಡೆದಾಗಿನಿಂದ ಪೂರ್ಣ ಬೆಳೆಯುವವರೆಗೆ ಹುಳುವಿನ ತೂಕ ಸುಮಾರು 10 ಸಾವಿರ ಪಟ್ಟು ಹೆಚ್ಚುತ್ತದೆ. ಚರ್ಮ ಅಷ್ಟು ಹಿಗ್ಗಲಾರದು, ಹಳೆಯದನ್ನು ಕಳಚಲೇಬೇಕು. ಆ ಒಂದು ದಿನ ಹುಳು ತೆಳ್ಳನೆಯ ಎಳೆಯಿಂದ ತನ್ನನ್ನು ಹಾಸಿಗೆಗೆ ಅಂಟಿಸಿಕೊಂಡು, ತಲೆಯೆತ್ತಿ ನಿಶ್ಚಲವಾಗಿ ಕೂರುತ್ತದೆ. ಆಗ ಅದನ್ನು ಅಲುಗಿಸಿದರೆ ಪೊರೆ ಸರಿಯಾಗಿ ಕಳಚದೆ ಹುಳು ಕೆಡುತ್ತದೆ. ಹಸಿದಿರಬಹುದೆಂದು ಪ್ರೀತಿಯಿಂದ ಸೊಪ್ಪು ಹಾಕಿದರೂ ಕೇಡೇ.

ಆದರೆ ನಮ್ಮ ಭಾವ ಆ ಹೊತ್ತಿನಲ್ಲಿ ಮಲಗಿರಲಿಲ್ಲ. ಹಾಸಿಗೆ ತೇವವಾಗದಂತೆ ಸುಣ್ಣದ ಪುಡಿ ಉದುರಿಸಿದ್ದರು. ಕಿಟಕಿ ತೆರೆದು ಗಾಳಿಯಾಡುವಂತೆ ಮಾಡಿದ್ದರು. ಇರುವೆ ಬಾರದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟಿದ್ದರು. ಎಷ್ಟು ಹುಳು ಜ್ವರದಿಂದ ಎದ್ದವೆಂದು ಬಂದು ಬಂದು ನೋಡುತ್ತಿದ್ದರು. ನೋಡುವುದು ಬೇರೆ, ಮುಟ್ಟುವುದು ಬೇರೆ. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆ ಮೊದಲ ಸೊಪ್ಪು. ಕೊನೆಗೆ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವವರು ಭಾವನೇ. ಆದರೆ ಗೂಡನ್ನು ಕಟ್ಟುವುದು ಹುಳುವೇ. ಯಾವ ಸಾಕಣೆಗಾರನೂ ಹುಳುವಿನ ಬದಲು ತಾನೇ ಗೂಡು ಕಟ್ಟಿದ್ದನ್ನು ನಾನು ಕಂಡಿಲ್ಲ.

ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು

ಭಾವನ ಹುಳು ಮನೆಯ ಪಾಠವನ್ನು ಶಾಲೆಗೆ ಹೊಂದಿಸಿಕೊಳ್ಳಲು ನಾನು ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಓದುಗರಿಗೆ ಉಪಯೋಗವಾದೀತೆಂದು ಹೇಳುತ್ತೇನೆ.

ಮೊದಲನೆಯದಾಗಿ, ಯಾವ ವಿಷಯದಲ್ಲಿ ರಾಜಿಯಿಲ್ಲ ಎಂಬುದನ್ನು ಮುಂಚೆಯೇ ಹೇಳಿಬಿಡುವುದು. ಪ್ರಯೋಗಶಾಲೆಯಲ್ಲಿ ಸಾರಯುತ ಆಮ್ಲಕ್ಕೆ ನೀರು ಸುರಿಯಕೂಡದು, ನೀರಿಗೇ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಇದರಲ್ಲಿ ಮಗುವಿನ ಸ್ವಂತ ಬುದ್ಧಿಗೆ ಎಡೆಯಿಲ್ಲ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಲೇಬೇಕು. ದುಡ್ಡಿನ ಲೆಕ್ಕ ತೆರೆದಿರಬೇಕು. ಯಾವ ಮಗುವಿಗೂ ಅವಮಾನವಾಗಕೂಡದು. ಪ್ರಾಣ, ಹಣ, ಮಾನ ಈ ಮೂರರಲ್ಲಿ ನನ್ನ ಕಣ್ಣು ಯಾವಾಗಲೂ ಇರುತ್ತದೆ, ಇರಲೇಬೇಕು. ‘ನಾನು ಅವರನ್ನು ನಂಬಿದ್ದೆ’ ಎಂಬ ನೆಪ ಇಲ್ಲಿ ನಡೆಯದು. ಅದು ನಂಬಿಕೆಯಲ್ಲ, ಉದಾಸೀನ.

ಎರಡನೆಯದು, ಉಳಿದ ಕೆಲಸಗಳಲ್ಲಿ ಏನಾಗಬೇಕೆಂದು ಹೇಳುವುದು, ಹೇಗೆ ಮಾಡಬೇಕೆಂದು ಹೇಳದಿರುವುದು. ಶಾಲಾ ವಾರ್ಷಿಕೋತ್ಸವ ಇಷ್ಟು ಗಂಟೆಗೆ ಮುಗಿಯಬೇಕು, ಪ್ರತಿ ತರಗತಿಯ ಮಕ್ಕಳೂ ವೇದಿಕೆ ಹತ್ತಬೇಕು, ಇಷ್ಟೇ ಖರ್ಚು. ತೋರಣ ಮಾವಿನ ಎಲೆಯದೋ ಬಣ್ಣದ ಕಾಗದದ್ದೋ ಎಂಬುದು ನನ್ನ ತಲೆನೋವಲ್ಲ.

ಮೂರನೆಯದು, ಯಾವ ದಿನ ಬಂದು ನೋಡುತ್ತೇನೆಂದು ಮೊದಲೇ ಗೊತ್ತುಮಾಡುವುದು. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಮಾತನಾಡಿದರೆ ದಿನಕ್ಕೆ ಹತ್ತು ಸಂದೇಶ ಕಳಿಸುವ ಅಗತ್ಯವಿರುವುದಿಲ್ಲ. ಹೊಸಬರಿಗೆ ಮೊದಮೊದಲು ಹೆಚ್ಚು ಸಲ, ಕೈ ಕುದುರಿದಂತೆ ಕಡಿಮೆ ಸಲ. ಮರಿ ಹುಳುವಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ, ದೊಡ್ಡದಕ್ಕೆ ಕಡ್ಡಿಸಮೇತ ಹಾಕುತ್ತಾರೆ. ಎಲ್ಲರಿಗೂ ಒಂದೇ ಅಳತೆಯಲ್ಲ.

ನಾಲ್ಕನೆಯದು ನನಗೆ ಬಹಳ ಕಷ್ಟದ್ದು. ‘ಹೇಗೆ ಮಾಡಲಿ ಸಾರ್?’ ಎಂದು ಯಾರಾದರೂ ಬಂದಾಗ ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ನುಂಗಿಕೊಂಡು, ‘ನಿಮಗೇನನ್ನಿಸುತ್ತೆ?’ ಎಂದು ಕೇಳುವುದು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಹೇಳಿಯೇ ಸಂಬಳ ತೆಗೆದುಕೊಂಡವನಿಗೆ ಇದೊಂದು ತಪಸ್ಸು. ಆದರೆ ಹತ್ತರಲ್ಲಿ ಏಳೆಂಟು ಸಲ ಅವರ ಬಳಿ ಉತ್ತರವಿರುತ್ತದೆ. ಒಂದೆರಡು ಸಲ ಅದು ನನ್ನದಕ್ಕಿಂತ ಚೆನ್ನಾಗಿರುತ್ತದೆ. ಹಾಗಾದಾಗ ಒಳಗೊಳಗೇ ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ, ಅದು ನನ್ನ ಪೊರೆ ಕಳಚುವ ನೋವು.

ಆ ‘ಎಂಟು ಅಲಗಿನ’ ಪ್ರಸಂಗವಾದ ಮರುವರ್ಷ ಅದೇ ಹುಡುಗಿ ಹತ್ತನೇ ತರಗತಿಗೆ ಬಂದಿದ್ದಳು. ಮತ್ತೆ ಅದೇ ಮಾದರಿ ಮಾಡುತ್ತೇವೆಂದು ಅವಳ ಗುಂಪು ಹಟ ಹಿಡಿಯಿತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಚಕ್ರ ವಾಲಿತು, ನೀರು ಸೋರಿತು. ನನ್ನ ಬೆರಳುಗಳು ಒಂದನ್ನೊಂದು ಹಿಚುಕಿಕೊಂಡವು. ಅವರು ಹಳೆಯ ಸೈಕಲ್ ಟ್ಯೂಬಿನ ತುಂಡು ತಂದು ಸೋರಿಕೆ ನಿಲ್ಲಿಸಿದರು. ಚಮಚಗಳನ್ನು ಓರೆಯಾಗಿ ತಿರುಗಿಸಿ ನೋಡಿದರು. ನೀರಿನ ಡಬ್ಬಿಯನ್ನು ಸ್ಟೂಲಿನ ಮೇಲೆ, ಆಮೇಲೆ ಕಿಟಕಿಯ ಮೇಲೆ ಇಟ್ಟು ಎತ್ತರಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ತಾವೇ ಕಂಡುಕೊಂಡು ಪುಸ್ತಕದಲ್ಲಿ ಬರೆದಿಟ್ಟರು.

ಪ್ರದರ್ಶನದಲ್ಲಿ ಆ ಮಾದರಿ ಅಂದವಾಗಿ ಕಾಣಲಿಲ್ಲ. ಅಕ್ಷರಗಳು ಸೊಟ್ಟಗಿದ್ದವು. ಬಹುಮಾನ ಬರಲಿಲ್ಲ. ಆದರೆ ತೀರ್ಪುಗಾರರು ಒಂದು ಪ್ರಶ್ನೆ ಕೇಳಿದ್ದಕ್ಕೆ ಹುಡುಗಿ ಹತ್ತು ನಿಮಿಷ ಮಾತನಾಡಿದಳು. ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಕೊಠಡಿಯ ಮೂಲೆಯಲ್ಲಿ ನಿಂತಿದ್ದ ನನಗೆ, ಅವಳಿಗೆ ನಾನು ಬೇಡವಾದೆನಲ್ಲ ಎಂದು ಒಂದು ಕ್ಷಣ ಪಿಚ್ಚೆನಿಸಿತು. ಮರುಕ್ಷಣವೇ, ಮೇಷ್ಟ್ರ ಕೆಲಸದ ಗುರಿ ಇದಲ್ಲದೆ ಇನ್ನೇನು ಎಂದು ಹೊಳೆದು ಹಗುರವಾಯಿತು.

ಆ ಗಣಿತದ ಶಿಕ್ಷಕಿಗೆ ಇದನ್ನು ತಿಳಿಸಬೇಕೆಂದು ಬಹಳ ಸಲ ಅನ್ನಿಸಿದೆ. ಇನ್ನೂ ತಿಳಿಸಿಲ್ಲ. ಅವರು ಈಗಿರುವ ಶಾಲೆಗೆ ಈ ಪುರವಣಿ ಹೋಗುತ್ತದೆಂದು ಕೇಳಿದ್ದೇನೆ.